ಸೀಟಿ ಹೊಡೆಯೋ ಗಾಡಿ

ಊಟ ಮಾಡ್ತಾ ಫೋನ್ ನೋಡ್ತಿದ್ದೆ. ಹಳೇ ಜಪಾನಿನ ಒಂದು ಫೋಟೋ ಬಂತು. ಕೈಗಾಡಿ, ಮೇಲೊಂದು ಪುಟಾಣಿ ಬಾಯ್ಲರ್, ಪಕ್ಕದಲ್ಲಿ ಒಬ್ಬ ಆಸಾಮಿ.

ಅವನ ಕಸುಬು ಏನು ಗೊತ್ತಾ? ಕಿಸೆರು ರಿಪೇರಿ. ಕಿಸೆರು ಅಂದ್ರೆ ಅಲ್ಲಿನವರು ಆಗ ತಂಬಾಕು ಸೇದ್ತಿದ್ದ ಉದ್ದನೆ ಕೊಳವೆ. ಎರಡೂ ತುದಿ ಲೋಹ, ನಡುವೆ ಬಿದಿರು. ಲೋಹಕ್ಕೇನೂ ಆಗಲ್ಲ, ಬಿದಿರಿನೊಳಗೆ ಮಾತ್ರ ಜಿಡ್ಡು ಕಟ್ಟುತ್ತೆ. ಹಬೆ ಬಿಟ್ಟು ತೊಳೀಬೇಕು, ಇಲ್ಲಾಂದ್ರೆ ಹೊಸ ಬಿದಿರು ಹಾಕ್ಬೇಕು. ಗಾಡಿ ಬಂತು ಅಂತ ಗೊತ್ತಾಗ್ತಿದ್ದದ್ದೇ ಆ ಹಬೆಯ ಸೀಟಿಯಿಂದ!

ಕಿಸೆರು ತುದಿಯಲ್ಲಿ ತಂಬಾಕು ತುಂಬೋ ಬಟ್ಟಲಂತೂ ಒಂದು ಬಟಾಣಿ ಕೂರೋಷ್ಟು. ಕೂದಲೆಳೆ ಥರ ಹೆಚ್ಚಿದ ತಂಬಾಕು, ಎರಡು ಮೂರು ದಮ್ಮು, ಬೂದಿ ಕೊಳಗಕ್ಕೆ ಠಕ್. ಮತ್ತೆ ತುಂಬು. ಸೇದೋದಕ್ಕಿಂತ ತುಂಬೋ ಕೆಲಸಾನೇ ಜಾಸ್ತಿ.

16ನೇ ಶತಮಾನದ ಕೊನೆ ಹೊತ್ತಿಗೆ ಯುರೋಪಿನವರ ಹಡಗಲ್ಲಿ ಬಂದ ಚಟ ಇದು. 1600ರ ನಂತರದ ಮೊದಲ ವರ್ಷಗಳಲ್ಲಿ ಶೋಗನ್ (ದೇಶ ಆಳ್ತಿದ್ದ ಸೇನಾಧಿಪತಿ) ಸರ್ಕಾರ ನಿಷೇಧದ ಮೇಲೆ ನಿಷೇಧ ಹೇರಿತು. ಯಾರು ಕೇಳ್ತಾರೆ? ಕೊನೆಗೆ 1904ರಲ್ಲಿ, ರಷ್ಯಾ ಜೊತೆ ಯುದ್ಧಕ್ಕೆ ದುಡ್ಡು ಬೇಕಾದಾಗ, ಸರ್ಕಾರವೇ ತಂಬಾಕಿನ ವ್ಯಾಪಾರ ಪೂರ್ತಿ ಕೈಗೆ ತಗೊಂತು.

ನಾನು ಸೇದಲ್ಲ, ಸೇದಿ ಅಂತಲೂ ಹೇಳ್ತಿಲ್ಲ. ಆದ್ರೆ ಆ ಗಾಡಿಯವರು ಬರೀ ಬಿದಿರು ಬದಲಿಸಿಕೊಂಡು ಸಂಸಾರ ನಡೆಸ್ತಿದ್ರಲ್ಲ ಮಾರಾಯ್ರೇ, ಸಿಗರೇಟು ಅವರ ಹೊಟ್ಟೆ ಮೇಲೆ ಹೊಡೀತು.