ಕಿಡ್ನಿ ಸೋತವರ ಮಿದುಳಿನ ಎಂಆರ್‌ಐ ಓದುವಾಗ

ರೇಡಿಯಾಲಜಿ ವಿಭಾಗದಲ್ಲಿ ನನ್ನ ಮೇಜಿಗೆ ಬರುವ ಕೋರಿಕೆ ಚೀಟಿಯಲ್ಲಿ ಹೆಚ್ಚಿನ ಸಲ ಒಂದೇ ಸಾಲಿರುತ್ತದೆ: ‘ಕಿಡ್ನಿ ವೈಫಲ್ಯ, ಪ್ರಜ್ಞೆಯಲ್ಲಿ ಏರುಪೇರು.’ ಅಷ್ಟನ್ನೇ ನಂಬಿ ಎಂಆರ್‌ಐ ಓದಲು ಹೊರಟರೆ ಎಡವುವುದು ಸುಲಭ. ಕಿಡ್ನಿ ಹೊರಹಾಕಬೇಕಾದ ಯೂರಿಯಾ ರಕ್ತದಲ್ಲಿ ಏರಿ ಮಂಕಾದ ರೋಗಿಯ ಮಿದುಳು ಚಿತ್ರದಲ್ಲಿ ಪೂರ್ತಿ ಸಹಜವಾಗಿಯೇ ಕಾಣಬಹುದು. ಬಿಳಿ ಕಲೆಗಳು ಕಂಡಾಗಲೂ ಅವುಗಳಿಗೆ ಯೂರಿಯಾವೇ ಕಾರಣವಾಗಿರಬೇಕೆಂದಿಲ್ಲ.

ನನ್ನನ್ನು ಹೆಚ್ಚು ಸೆಳೆದದ್ದು ಮಿದುಳಿನ ಆಳದಲ್ಲಿದ್ದು ಚಲನೆಯನ್ನು ಹತೋಟಿಯಲ್ಲಿಡಲು ನೆರವಾಗುವ ಲೆಂಟಿಫಾರ್ಮ್ ನ್ಯೂಕ್ಲಿಯಸ್. ಸಕ್ಕರೆ ಕಾಯಿಲೆಯೂ ಕಿಡ್ನಿ ವೈಫಲ್ಯವೂ ಕೂಡಿರುವವರಲ್ಲಿ ಕೆಲವರ ನಡಿಗೆ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ಕೈಕಾಲು ಬಿಗಿಯುತ್ತವೆ ಅಥವಾ ತಾವಾಗಿಯೇ ಕುಣಿಯುತ್ತವೆ. ಅಂಥವರ ಫ್ಲೇರ್ ಚಿತ್ರದಲ್ಲಿ (ಊತವನ್ನು ಬಿಳುಪಾಗಿ ತೋರಿಸುವ ಒಂದು ಬಗೆಯ ಎಂಆರ್‌ಐ) ಎರಡೂ ಬದಿಯ ಈ ಭಾಗ ಊದಿಕೊಂಡು, ಅದರ ಹೊರಭಾಗವಾದ ಪ್ಯುಟಾಮೆನ್‌ನ ಅಂಚಿನುದ್ದಕ್ಕೂ ಬಿಳಿ ಗೆರೆ ಎದ್ದು, ಕವಲೊಡೆದ ಆಕಾರ ಮೂಡುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಫೋರ್ಕ್ ಸೈನ್’ ಎಂಬ ಹೆಸರಿದೆ. ನನಗಂತೂ ಮುಳ್ಳಿನ ಬೇಲಿ ಕಟ್ಟುವಾಗ ಹಿಡಿಯುವ ಕವೆಗೋಲೇ ನೆನಪಾಗುತ್ತದೆ. ಇದರ ನಂಟು ಯೂರಿಯಾಕ್ಕಿಂತ ರಕ್ತದ ಆಮ್ಲೀಯತೆಯೊಂದಿಗೆ ಹೆಚ್ಚಿರುವಂತೆ ತೋರುತ್ತದೆ. ವಿಷಕಾರಿ ಮದ್ಯಸಾರವಾದ ಮೆಥನಾಲ್ ಬೆರೆತ ಸಾರಾಯಿ ಕುಡಿದವರಲ್ಲೂ ಇಂಥದೇ ಚಿತ್ರ ಕಾಣಬಹುದು. ಆದ್ದರಿಂದ ವರದಿ ಬರೆಯುವ ಮೊದಲು ನಾನು ವಾರ್ಡಿಗೆ ಫೋನ್ ಮಾಡಿ ಆಮ್ಲೀಯತೆಯ ಅಳತೆ ಕೊಡುವ ಬೈಕಾರ್ಬನೇಟ್ ರಕ್ತದಲ್ಲಿ ಎಷ್ಟಿದೆ, ಕೊನೆಯ ಡಯಾಲಿಸಿಸ್ ಯಾವಾಗ ಆಯಿತು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಡೆಯುತ್ತಿತ್ತೇ ಎಂದು ಕೇಳುತ್ತೇನೆ.

ಬಿಪಿ ಒಮ್ಮೆಲೇ ಏರಿ ತಲೆನೋವು, ಫಿಟ್ಸ್, ಕಣ್ಣು ಮಂಜಾಗುವುದು ಕಾಣಿಸಿಕೊಂಡಿದ್ದರೆ ಬಿಳುಪು ಸಾಮಾನ್ಯವಾಗಿ ಮಿದುಳಿನ ಹಿಂಭಾಗದಲ್ಲಿರುತ್ತದೆ. 1996ರಲ್ಲಿ ಈ ಲಕ್ಷಣಕೂಟವನ್ನು ವಿವರವಾಗಿ ವರ್ಣಿಸಲಾಯಿತು. ಈಗ ಎಲ್ಲರೂ ಇದನ್ನು ಪ್ರೆಸ್ (PRES) ಎನ್ನುತ್ತಾರೆ. ಅಂಗಾಂಶದಲ್ಲಿ ನೀರಿನ ಅಣುಗಳು ಎಷ್ಟು ಸಲೀಸಾಗಿ ಚಲಿಸುತ್ತವೆಂದು ತೋರಿಸುವ ಎಡಿಸಿ ನಕ್ಷೆಯಲ್ಲೂ ಅದೇ ಜಾಗ ಬೆಳ್ಳಗಿದ್ದರೆ ನೀರು ರಕ್ತನಾಳದಿಂದ ಸೋರಿದೆಯೇ ಹೊರತು ಜೀವಕೋಶಗಳು ಸತ್ತಿಲ್ಲ, ಬಿಪಿ ಹತೋಟಿಗೆ ಬಂದರೆ ಬಹುಪಾಲು ಮಾಸಿಹೋಗುತ್ತದೆ ಎಂದು ಧೈರ್ಯ ಹೇಳಬಹುದು. ಕಪ್ಪಗಿದ್ದರೆ ಹಾಗೆ ಹೇಳಲು ನನಗೆ ಬಾಯಿ ಬರುವುದಿಲ್ಲ.

ಮಿದುಳಿನ ಕಾಂಡದಲ್ಲಿರುವ ಪಾನ್ಸ್‌ನ ನಡುವೆ ಬಿಳುಪು ಕಂಡರೆ ರಕ್ತದ ಸೋಡಿಯಂ ಎಷ್ಟು ವೇಗವಾಗಿ ಏರಿತೆಂದು ನೋಡಬೇಕು. ಮಿದುಳಿನ ಆಳದ ಜೋಡಿ ಭಾಗಗಳಾದ ಥಾಲಮಸ್‌ಗಳ ಒಳಮಗ್ಗುಲಲ್ಲಿ ಕಂಡರೆ ಡಯಾಲಿಸಿಸ್ ನೀರಿನೊಂದಿಗೆ ಹರಿದುಹೋಗುವ ಥಯಾಮಿನ್ (ಬಿ1 ಜೀವಸತ್ವ) ನೆನಪಾಗಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಪಡೆಯುವವರಲ್ಲಿ ತಲೆಬುರುಡೆಯೊಳಗೆ ರಕ್ತ ಕಟ್ಟಿದೆಯೇ ಎಂಬುದನ್ನು ಮೊದಲು ಸಿಟಿ ಸ್ಕ್ಯಾನಿನಲ್ಲೇ ನೋಡಿಬಿಡುವುದು ಲೇಸು.

ಎಂಆರ್‌ಐ ಚಿತ್ರ ಎದ್ದು ಕಾಣಲೆಂದು ಕೊಡುವ ಗ್ಯಾಡೊಲಿನಿಯಂ ಚುಚ್ಚುಮದ್ದಿನ ವಿಷಯದಲ್ಲಿ ನಾವು ಹಿಂಜರಿಯುತ್ತೇವೆ. ಕಿಡ್ನಿ ಸೋತವರಲ್ಲಿ ಚರ್ಮ ಗಟ್ಟಿಯಾಗಿ ಕೀಲುಗಳು ಸೆಟೆದುಕೊಳ್ಳುವ ಕಾಯಿಲೆಗೂ ಅದಕ್ಕೂ ಇರುವ ನಂಟು 2006ರಲ್ಲಿ ಬೆಳಕಿಗೆ ಬಂತು. ಹೊಸ ಬಗೆಯ ಔಷಧಗಳಲ್ಲಿ ಆ ಅಪಾಯ ತೀರಾ ಕಡಿಮೆ. ಅದೃಷ್ಟವಶಾತ್ ಮೇಲೆ ಹೇಳಿದ ಯಾವುದನ್ನೂ ಗುರುತಿಸಲು ಸಾಮಾನ್ಯವಾಗಿ ಆ ಚುಚ್ಚುಮದ್ದು ಬೇಕಾಗುವುದಿಲ್ಲ.