ಶಾಲೆಯ ಚರಿತ್ರೆ ಷರಾ ಕಾಲಂನಲ್ಲಿದೆ

ಊರಿನ ಸರ್ಕಾರಿ ಶಾಲೆಗೆ ನೂರು ತುಂಬಿತೆಂದು ಸ್ಮರಣ ಸಂಚಿಕೆಗೆ ಕೈಹಾಕುವವರು ಮೊದಲು ನೋಡುವುದು ಗೇಟಿನ ಮೇಲಿನ ಇಸವಿ. ಅದನ್ನು ನಂಬಿ ಕೂರಬೇಡಿ. ಮುಖ್ಯೋಪಾಧ್ಯಾಯರನ್ನು ಕೇಳಿ, ಬೀರುವಿನಲ್ಲಿರುವ ದಾಖಲಾತಿ ಪುಸ್ತಕ ತೆಗೆಸಿ.

ಮೊದಲ ಹಾಳೆಯಲ್ಲೇ ಎಡವುವವರು ಹೆಚ್ಚು. ಕ್ರಮಸಂಖ್ಯೆ 1ರ ಎದುರಿನ ತಾರೀಖೇ ಶಾಲೆ ಶುರುವಾದ ದಿನವಾಗಿರಬೇಕಿಲ್ಲ. ಒಂದೇ ದಿನ ಮೂವತ್ತು ನಲವತ್ತು ಮಕ್ಕಳು ಬೇರೆ ಬೇರೆ ತರಗತಿಗೆ ಸೇರಿದಂತಿದ್ದು, ಕೈಬರಹ, ಶಾಯಿ ಎರಡೂ ಒಂದೇ ಆಗಿದ್ದರೆ ಅದು ಹರಿದ ಪುಸ್ತಕದ ನಕಲಿರಬಹುದು. ಇಲ್ಲವೇ ಮೊದಲೇ ನಡೆಯುತ್ತಿದ್ದ ಕೂಲಿಮಠವನ್ನು (ಹಳೆಯ ಕಾಲದ ಖಾಸಗಿ ಹಳ್ಳಿಶಾಲೆ) ಸರ್ಕಾರ ವಹಿಸಿಕೊಂಡಿರಬಹುದು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಬೀದರ್, ಕಲಬುರಗಿ, ರಾಯಚೂರು ಕಡೆ ಹಳೆಯ ದಾಖಲೆ ಉರ್ದುವಿನಲ್ಲಿ, ಇಸವಿ ಫಸಲಿಯಲ್ಲಿ, ಎಂದರೆ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ವರ್ಷದಲ್ಲಿ, ಇರಬಹುದು. ಅಲ್ಲಿನ ಫಸಲಿ ವರ್ಷ ಅಕ್ಟೋಬರ್‌ನಲ್ಲಿ ಶುರುವಾಗುತ್ತಿತ್ತು. ಡಿಸೆಂಬರ್‌ವರೆಗಿನ ತಾರೀಖಿಗೆ 590, ಆಮೇಲಿನದಕ್ಕೆ 591 ಕೂಡಿಸಿ. 1350 ಫಸಲಿ ಎಂದರೆ 1940-41.

ಹುಟ್ಟಿದ ದಿನದ ಕಾಲಂ ಅಷ್ಟೇನೂ ಕೆಲಸಕ್ಕೆ ಬಾರದು. ಪುಟದ ಉದ್ದಕ್ಕೂ ಜೂನ್ 1 ಕಂಡರೆ, ಮೇಷ್ಟ್ರು ಸೇರುವ ವಯಸ್ಸಿಗೆ ಹೊಂದಿಸಿ ಬರೆದುಕೊಂಡಿದ್ದಾರೆ ಅಷ್ಟೆ.

ನಿಜವಾದ ಸರಕು ಬಲತುದಿಯಲ್ಲಿದೆ: ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ, ಷರಾ (ಮೇಷ್ಟ್ರು ಬರೆದ ಟಿಪ್ಪಣಿ). ‘ದೀರ್ಘ ಗೈರುಹಾಜರಿ’ ಎಂದು ಹೆಸರು ಹೊಡೆದಲ್ಲಿ ನಿಲ್ಲಬೇಡಿ, ತಿಂಗಳು ನೋಡಿ. ದೀಪಾವಳಿ ಕಳೆದ ಮೇಲೆ ಒಂದೇ ಕೇರಿಯ ಹೆಸರುಗಳು ಸಾಲಾಗಿ ಹೋಗಿದ್ದರೆ ಕಬ್ಬು ಕಡಿಯಲೋ ಕಾಫಿ ಕೊಯ್ಯಲೋ ಮನೆಮಂದಿ ಗುಳೆ ಹೋಗಿದ್ದರೇ ಎಂದು ಹಿರಿಯರನ್ನು ವಿಚಾರಿಸಿ. ಅದೇ ಮಗು ಮುಂದಿನ ಜೂನ್‌ನಲ್ಲಿ ಹೊಸ ಸಂಖ್ಯೆಯಲ್ಲಿ ಮರಳಿರುತ್ತದೆ. ಹಾಗಾಗಿ ಕೊನೆಯ ಕ್ರಮಸಂಖ್ಯೆಯನ್ನೇ ‘ಇಷ್ಟು ಮಂದಿ ಓದಿದರು’ ಎಂದು ಅಚ್ಚು ಹಾಕಿಸಿದರೆ ಲೆಕ್ಕ ಉಬ್ಬುತ್ತದೆ. ತಂದೆಯ ಹೆಸರು, ಊರು ತಾಳೆ ನೋಡಿ ಎರಡು ಸಲ ಬಂದವರನ್ನು ಕಳೆಯಬೇಕು. ಹೆಣ್ಣುಮಕ್ಕಳನ್ನು ಬೇರೆ ಪಟ್ಟಿ ಮಾಡಿ, ಯಾವ ತರಗತಿಗೆ ನಿಂತರೆಂದು ಹತ್ತು ವರ್ಷಕ್ಕೊಮ್ಮೆ ಎಣಿಸಿ. ಸಂಚಿಕೆಯ ಹತ್ತು ಸಂದೇಶಗಳಿಗಿಂತ ಈ ಒಂದು ಪುಟ ಮೇಲು. ಮಕ್ಕಳು ಮುಂದೆ ಎಲ್ಲಿಗೆ ಹೋದರೆಂಬುದಕ್ಕೆ ಟಿ.ಸಿ. ಪುಸ್ತಕದ ನಕಲು ಪ್ರತಿ ನೋಡಿ.

ಜಾಗ ಕೊಟ್ಟ ದಾನಿಯ ಹೆಸರು ಬರೆಯುವ ಮೊದಲು ಪಹಣಿಯಲ್ಲಿ ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿ. ದಾನ ಬಾಯಿಮಾತಲ್ಲೇ ಉಳಿದು, ಜಮೀನು ಇನ್ನೂ ಆ ಮನೆತನದ ಹೆಸರಲ್ಲಿರುವುದುಂಟು. ಹಾಗಿದ್ದರೆ ಸಮಾರಂಭಕ್ಕಿಂತ ಮುಂಚೆ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ತಹಶೀಲ್ದಾರ್ ಕಚೇರಿಗೆ ಹೋಗುವುದು ಒಳ್ಳೆಯದು.

ಪುಸ್ತಕವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಹರಿದಲ್ಲಿ ಸೆಲೋ ಟೇಪೂ ಬೇಡ. ಅದರ ಅಂಟು ಕಾಗದವನ್ನು ಕಂದಿಸುತ್ತದೆ. ಕಿಟಕಿ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಪುಟಸಂಖ್ಯೆ ಕಾಣುವಂತೆ ಫೋಟೋ ತೆಗೆಯಿರಿ. ಪುಟವನ್ನು ಸಂಚಿಕೆಯಲ್ಲಿ ಹಾಕುವುದಾದರೆ ಜಾತಿ ಕಾಲಂ ಮುಚ್ಚಿ.