ಹಿಪ್‌ಹಾಪ್ ಕೆಟ್ಟಿದೆಯೇ? ಒಂದು ಶನಿವಾರದ ಜಗಳ

ಕಳೆದ ಚಳಿಗಾಲದ ಒಂದು ಶನಿವಾರ ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಬೆಳಗಿನ ಕಾಫಿಯಿಂದ ರಾತ್ರಿಯ ಊಟದವರೆಗೆ ನಡೆದದ್ದು ಒಂದೇ ಜಗಳ: ಲಯಕ್ಕೆ ಮಾತು ಪೋಣಿಸುವ ರಾಪ್ ಹಾಡುಗಳ ಹಿಪ್‌ಹಾಪ್ ಸಂಗೀತ ನಿಜಕ್ಕೂ ಕೆಟ್ಟಿದೆಯೇ ಅಥವಾ ನಮಗೆ ವಯಸ್ಸಾಗಿದೆಯೇ ಎಂಬುದು. ಒಂದು ಕಡೆ, ತೊಂಬತ್ತರ ದಶಕದಲ್ಲಿ ನನ್ನಂತೆಯೇ ಇಲ್ಲಿಗೆ ಓದಲು ಬಂದು, ಹಾಸ್ಟೆಲಿನ ಗೋಡೆಗಳ ಮೂಲಕ ಈ ಸಂಗೀತದ ಪರಿಚಯ ಮಾಡಿಕೊಂಡ ದಾವಣಗೆರೆಯ ಗೆಳೆಯ. ಇನ್ನೊಂದು ಕಡೆ, ಕಾಲೇಜಿಗೆ ರಜೆ ಬಂತೆಂದು ನಮ್ಮಲ್ಲಿಗೆ ಬಂದಿದ್ದ ಅಕ್ಕನ ಮಗ. ಓದುವುದು ಗಣಿತವಾದರೂ ರಾತ್ರಿಯೆಲ್ಲ ಲ್ಯಾಪ್‌ಟಾಪಿನಲ್ಲಿ ಬೀಟ್, ಅಂದರೆ ರಾಪ್ ಮಾತಿನ ತಳಕ್ಕಿರುವ ವಾದ್ಯಸಂಗೀತ, ಕಟ್ಟುತ್ತ ಕೂರುವ ಹುಡುಗ.

ಗೆಳೆಯನ ವಾದ ನೇರವಾಗಿತ್ತು. 1993ರ ನವೆಂಬರ್ 9ರಂದು, ಒಂದೇ ದಿನ, ವು-ಟ್ಯಾಂಗ್ ಕ್ಲ್ಯಾನ್ ತಂಡದ ಮೊದಲ ಆಲ್ಬಮ್ಮೂ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ ಮೂರನೆಯ ಆಲ್ಬಮ್ಮೂ ಅಂಗಡಿಗೆ ಬಂದಿದ್ದವು; ಆರು ತಿಂಗಳು ಕಳೆಯುವುದರೊಳಗೆ ಇಪ್ಪತ್ತು ವರ್ಷದ ರಾಪರ್ ನ್ಯಾಸ್ ತನ್ನ ಮೊದಲ ಆಲ್ಬಮ್ ತಂದ. ಈಗ ಅಂಥ ಒಂದು ದಿನವನ್ನು ತೋರಿಸು, ಎಂದು ಆತ ಹುಡುಗನಿಗೆ ಸವಾಲು ಹಾಕಿದ. 2025ರ ಅಕ್ಟೋಬರಿನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ನಲವತ್ತು ಹಾಡುಗಳಲ್ಲಿ ಒಂದೂ ರಾಪ್ ಹಾಡು ಇಲ್ಲದೆ ಹೋಯಿತು, 1990ರ ನಂತರ ಹೀಗಾದದ್ದು ಅದೇ ಮೊದಲು ಎಂಬುದನ್ನು ಕೊನೆಯ ಅಸ್ತ್ರವಾಗಿ ಪ್ರಯೋಗಿಸಿದ. ಪಟ್ಟಿಯಲ್ಲಿ ಬಹುಕಾಲದಿಂದ ಕೂತಿದ್ದ ಹಳೆಯ ಹಾಡುಗಳನ್ನು ಬೇಗ ತೆಗೆದುಹಾಕುವಂತೆ ನಿಯಮ ಬದಲಾದದ್ದೂ ಅದಕ್ಕೆ ಒಂದು ಕಾರಣ ಎಂದು ನಾನು ನಡುವೆ ಬಾಯಿ ಹಾಕಿದೆ. ಆತನಿಗೆ ಅದು ರುಚಿಸಲಿಲ್ಲ.

ಹುಡುಗ ವಾದ ಮಾಡದೆ 1990ರ ಪಟ್ಟಿಯನ್ನೇ ತೆರೆದಿಟ್ಟ. ಪಬ್ಲಿಕ್ ಎನಿಮಿ ತಂಡದ ಉಗ್ರವಾದ ಮೂರನೆಯ ಆಲ್ಬಮ್ಮೂ ಟ್ರೈಬ್ ತಂಡದ ಮೊದಲನೆಯದೂ ಬಂದ ವರ್ಷ ಅದು. ಆದರೆ ಆ ವರ್ಷ ವಾರಗಟ್ಟಲೆ ಆಲ್ಬಮ್ ಪಟ್ಟಿಯ ತುದಿಯಲ್ಲಿ ಕೂತಿದ್ದವನು ಎಂ.ಸಿ. ಹ್ಯಾಮರ್, ಮತ್ತು ಬಿಲ್‌ಬೋರ್ಡಿನ ಪ್ರಮುಖ ಹಾಡುಪಟ್ಟಿಯಲ್ಲಿ ಮೊಟ್ಟಮೊದಲು ಒಂದನೆಯ ಸ್ಥಾನಕ್ಕೇರಿದ ರಾಪ್ ಹಾಡು ವೆನಿಲಾ ಐಸ್‌ನದು. "ಮಾಮ, ಇವರಿಬ್ಬರ ಕ್ಯಾಸೆಟ್ ನಿಮ್ಮ ಕಪಾಟಿನಲ್ಲಿ ಎಲ್ಲೂ ಕಾಣುತ್ತಿಲ್ಲವಲ್ಲ?" ಎಂದು ಅವನು ನನ್ನನ್ನು ಕೇಳಿದಾಗ ಗೆಳೆಯ ಮೇಜಿನ ಮೇಲಿದ್ದ ಚಕ್ಕುಲಿಯ ಕಡೆಗೆ ಗಮನ ಹರಿಸಿದ. ಹಳೆಯ ಕಾಲದ ಜೊಳ್ಳನ್ನು ಕಾಲವೇ ತೂರಿಹಾಕಿರುತ್ತದೆ. ಈ ಕಾಲದ್ದನ್ನು ನಾವೇ ತೂರಿಕೊಳ್ಳಬೇಕು. ನಮ್ಮ ಚಿತ್ರಗೀತೆಗಳ ಬಗ್ಗೆ ಊರಿನಲ್ಲಿ ನಡೆಯುವ ಜಗಳದಲ್ಲೂ ಇದನ್ನು ಮರೆತೇ ಮಾತಾಡುತ್ತೇವೆ. ಅಲ್ಲದೆ, ಹಿಪ್‌ಹಾಪ್ ಸತ್ತಿದೆ ಎಂದು ತನ್ನ ಆಲ್ಬಮ್ಮಿಗೇ ಹೆಸರಿಟ್ಟು ನ್ಯಾಸ್ ಘೋಷಿಸಿದ್ದು 2006ರಲ್ಲಿ. ಅದಾದ ಮೇಲೆ ರಾಪರ್ ಕೆಂಡ್ರಿಕ್ ಲಮಾರ್ ಬಂದ, 2018ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಪಡೆದ. ಶಾಸ್ತ್ರೀಯ ಮತ್ತು ಜಾಝ್ ಸಂಗೀತದಾಚೆಗೆ ಆ ಪ್ರಶಸ್ತಿ ಹೋದದ್ದು ಅದೇ ಮೊದಲು. ಮಾತಿನ ಕಸುಬು ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಅವರು ಕೇಳುವುದನ್ನು ನಿಲ್ಲಿಸಿದ್ದಾರೆ ಎಂದಷ್ಟೇ ನಾನು ತಿಳಿಯುತ್ತೇನೆ.

ಆದರೂ ಗೆಳೆಯನ ಕಿವಿ ಏನನ್ನೋ ಕಳೆದುಕೊಂಡಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಅದೇನೆಂಬುದು ಆ ಮಧ್ಯಾಹ್ನ ಹುಡುಗನ ಮಗ್ಗುಲಲ್ಲಿ ಕೂತಾಗ ಸ್ಪಷ್ಟವಾಯಿತು.

ಹಳೆಯ ಹಾಡಿನ ತುಣುಕನ್ನು (ಸ್ಯಾಂಪಲ್) ಹಿಡಿದು ಮತ್ತೆ ನುಡಿಸುವುದು ಸ್ಯಾಂಪ್ಲರ್ ಯಂತ್ರ. 1987ರಲ್ಲಿ ಬಂದ ಎಸ್‌ಪಿ-1200 ಎಂಬ ಅಂಥ ಯಂತ್ರದ ಒಟ್ಟು ಸ್ಮರಣೆ ಸುಮಾರು ಹತ್ತು ಸೆಕೆಂಡು. ಒಂದು ತುಣುಕಿಗೆ ಎರಡೂವರೆ ಸೆಕೆಂಡಿಗಿಂತ ಹೆಚ್ಚು ಸಿಗುತ್ತಿರಲಿಲ್ಲ. ಹುಡುಗ ಅದೇ ಕಟ್ಟುಪಾಡನ್ನು ತನ್ನ ಲ್ಯಾಪ್‌ಟಾಪಿಗೂ ಹಾಕಿಕೊಂಡು ಬೀಟ್ ಕಟ್ಟಲು ಕೂತ. ನನ್ನಲ್ಲಿದ್ದ ಒಂದು ಹಳೆಯ ಫಂಕ್ ಎಲ್‌ಪಿಯನ್ನು ಟರ್ನ್‌ಟೇಬಲ್ ಮೇಲಿಟ್ಟು, ನಿಮಿಷಕ್ಕೆ 33 ಸುತ್ತಿನ ವೇಗದಲ್ಲಿ ತಿರುಗಬೇಕಾದದ್ದನ್ನು 45ರಲ್ಲಿ ತಿರುಗಿಸಿದ. ಕಹಳೆಗಳು ಇಲಿಮರಿಯಂತೆ ಕೀರಲಾರಂಭಿಸಿದವು. ಆ ಚೀರಾಟವನ್ನು ಹಾಗೆಯೇ ಹಿಡಿದು, ಲ್ಯಾಪ್‌ಟಾಪಿನೊಳಗೆ ಮತ್ತೆ ನಿಧಾನ ಮಾಡಿದಾಗ, ಕಡಿಮೆ ಜಾಗದಲ್ಲಿ ಹೆಚ್ಚು ಸಂಗೀತ ಹಿಡಿಸಿತ್ತು. ಜೊತೆಗೆ ಧ್ವನಿಯ ಅಂಚುಗಳು ತರಿತರಿಯಾಗಿ, ಎಲ್ಲೋ ನೆಲಮಾಳಿಗೆಯಿಂದ ಬಂದಂತೆ ಕೇಳತೊಡಗಿದವು. ತೊಂಬತ್ತರ ದಶಕದ ನ್ಯೂಯಾರ್ಕಿನ ಬೀಟುಗಳಲ್ಲಿ ನಾವು ಮೆಚ್ಚುವ ಆ ಒರಟುತನದ ಒಂದು ಪಾಲು ಈ ಜುಗ್ಗತನದಿಂದ ಹುಟ್ಟಿದ್ದು. ಸ್ನೇರ್ ಡ್ರಮ್ಮಿನ ಸದ್ದು ಒಂದು ಹಾಡಿನದು, ಬೇಸ್ ಇನ್ನೊಂದರದು, ಕಹಳೆಯ ಅರೆ ಉಸಿರು ಮತ್ತೊಂದರದು. ಹುಡುಗ ಅವನ್ನು ಹೊಂದಿಸುತ್ತ ಹೋದಂತೆ, ಪಕ್ಕದ ಕೋಣೆಯಲ್ಲಿದ್ದ ಗೆಳೆಯ ಎದ್ದು ಬಂದು ಬಾಗಿಲಲ್ಲಿ ನಿಂತ.

ತುಣುಕುಗಳನ್ನು ಜೋಡಿಸುವ ಈ ಕೊಲಾಜ್ ಕಲೆ ಕುಗ್ಗಿದೆ. ಕುಗ್ಗಿದ್ದು ಹುಡುಗರ ಸೋಮಾರಿತನದಿಂದಲ್ಲ. 1991ರ ಡಿಸೆಂಬರಿನಲ್ಲಿ, ಗಿಲ್ಬರ್ಟ್ ಓ'ಸಲ್ಲಿವನ್ ಎಂಬ ಗಾಯಕನ ಹಾಡಿನ ತುಣುಕನ್ನು ಅನುಮತಿಯಿಲ್ಲದೆ ಬಳಸಿದ ರಾಪರ್ ಬಿಜ್ ಮಾರ್ಕಿಯ ವಿರುದ್ಧ ನ್ಯೂಯಾರ್ಕಿನ ನ್ಯಾಯಾಧೀಶರೊಬ್ಬರು ತೀರ್ಪು ಬರೆಯುವಾಗ, ಕದಿಯಬಾರದು ಎಂಬ ಬೈಬಲ್ಲಿನ ಕಟ್ಟಳೆಯಿಂದಲೇ ಆರಂಭಿಸಿದರು. (ಬಿಜ್ ಮಾರ್ಕಿ ಮುಂದಿನ ಆಲ್ಬಮ್ಮಿಗೆ, ಎಲ್ಲ ಸ್ಯಾಂಪಲ್ಲುಗಳಿಗೂ ಅನುಮತಿಯಿದೆ ಎಂಬರ್ಥದ ಹೆಸರಿಟ್ಟ, ನಗುವಿನ ಹಿಂದೆ ಎಷ್ಟು ಕಹಿಯಿತ್ತೋ.) ಅಲ್ಲಿಂದ ಮುಂದೆ ಪ್ರತಿ ತುಣುಕಿಗೂ ಎರಡು ಒಪ್ಪಿಗೆ ಬೇಕಾಯಿತು: ಧ್ವನಿಮುದ್ರಣದ ಒಡೆಯನಿಂದ ಒಂದು, ಹಾಡಿನ ರಚನೆಯ ಒಡೆಯನಿಂದ ಇನ್ನೊಂದು. ಹತ್ತಾರು ತುಣುಕುಗಳ ಹಾಡು ಕಟ್ಟುವುದು ಹಣವಂತರಿಗಷ್ಟೇ ಸಾಧ್ಯವಾಯಿತು. ಡಿ ಲಾ ಸೋಲ್ ತಂಡ 1989ರಲ್ಲಿ ತಂದ ಮೊದಲ ಆಲ್ಬಮ್ ಇದೇ ಅನುಮತಿಗಳ ಗೋಜಲಿನಲ್ಲಿ ಸಿಕ್ಕಿ 2023ರ ಮಾರ್ಚಿನವರೆಗೂ ಸ್ಟ್ರೀಮಿಂಗಿಗೆ ಬರಲಿಲ್ಲ. ಒಂದು ಇಡೀ ಪೀಳಿಗೆಗೆ ಅದು ಕೈಗೆಟುಕದೆ ಉಳಿಯಿತು.

ಕಲಾವಿದನ ಹಕ್ಕು ಕಾಯಲೆಂದೇ ಇದೆಲ್ಲ ಎಂದು ಗೆಳೆಯ ಕಾನೂನಿನ ಪರ ನಿಂತ. ನನಗೆ ಆ ಮಾತು ಅರ್ಧ ಮಾತ್ರ ಸರಿ ಎನಿಸುತ್ತದೆ. ಜೇಮ್ಸ್ ಬ್ರೌನ್ ತಂಡದ ಡ್ರಮ್ ವಾದಕ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ ಒಂದು ಲಯ ಹಿಪ್‌ಹಾಪ್‌ನಲ್ಲಿ ಲೆಕ್ಕವಿಲ್ಲದಷ್ಟು ಹಾಡುಗಳಿಗೆ ತಳಹದಿಯಾಯಿತು. ಹಾಡಿನ ರಚನಕಾರನೆಂದು ಅವನ ಹೆಸರಿರಲಿಲ್ಲವಾದ್ದರಿಂದ, ಎಷ್ಟು ಅನುಮತಿಪತ್ರಗಳು ಓಡಾಡಿದರೂ ಅದರ ಹಣ ಅವನಿಗೆ ಹೋಗಲಿಲ್ಲ. ಅವನು ತೀರಿಕೊಂಡದ್ದು 2017ರಲ್ಲಿ.

ಸೃಜನಶೀಲತೆ ಹೋದದ್ದು ಬೇರೆ ದಾರಿಗೆ. 1980ರಲ್ಲಿ ಬಂದು ಮೂರೇ ವರ್ಷದಲ್ಲಿ ತಯಾರಿಕೆ ನಿಂತ ರೋಲ್ಯಾಂಡ್ 808 ಎಂಬ ಡ್ರಮ್ ಯಂತ್ರದ ಕಿಕ್ ಎಂಬ ತಗ್ಗು ಡ್ರಮ್ ಸದ್ದನ್ನು ಎಳೆದು, ಶ್ರುತಿಗೆ ಕೂಡಿಸಿ, ಅದನ್ನೇ ಬೇಸ್ ವಾದ್ಯವಾಗಿಸಿಕೊಂಡವರು ಅಟ್ಲಾಂಟಾದಂಥ ದಕ್ಷಿಣದ ಊರುಗಳ ಹುಡುಗರು. ಅದಕ್ಕೆ ಯಾರ ಅನುಮತಿಯೂ ಬೇಡ. ಈ ಸದ್ದು ಈಗ ಎಲ್ಲೆಡೆ ಒಂದೇ ಬಗೆಯದಾಗಿ ಸವೆದಿದೆ ಎಂಬ ದೂರನ್ನು ನಾನೂ ಮಾಡುತ್ತೇನೆ. ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಸ್ಪಾಟಿಫೈ ಲೆಕ್ಕಕ್ಕೆ ಹಿಡಿಯುವುದರಿಂದ, ಪೀಠಿಕೆಯಿಲ್ಲದೆ ಪಲ್ಲವಿಗೇ ನುಗ್ಗುವ ಎರಡು ನಿಮಿಷದ ಹಾಡುಗಳು ಹೆಚ್ಚಿರುವುದೂ ಕಣ್ಣಿಗೆ ಕಾಣುವ ಸಂಗತಿ.

ಮರುವಾರ ಹುಡುಗ ಆ ಬೀಟನ್ನು ಅಂತರ್ಜಾಲಕ್ಕೆ ಏರಿಸಿದ. ಏರಿಸುವ ಮೊದಲು ಎಲ್‌ಪಿಯಿಂದ ತೆಗೆದ ತುಣುಕುಗಳನ್ನೆಲ್ಲ ಕಿತ್ತು, ಕಹಳೆಯ ಭಾಗಕ್ಕೆ ತಾನೇ ಬೇರೊಂದು ಧಾಟಿ ಕಟ್ಟಿ ಕೀಬೋರ್ಡಿನಲ್ಲಿ ನುಡಿಸಿ, ಡ್ರಮ್ಮಿಗೆ ಲ್ಯಾಪ್‌ಟಾಪಿನಲ್ಲಿದ್ದ ಸದ್ದುಗಳನ್ನು ಹಾಕಿದ್ದ. ಮೊದಲಿನದೇ ಚೆನ್ನಾಗಿತ್ತು ಎಂದು ಫೋನಿನಲ್ಲಿ ಹೇಳಿದೆ. "ನನಗೂ ಗೊತ್ತು ಮಾಮ, ಆದರೆ ಅದನ್ನು ಹಾಕುವ ಹಾಗಿಲ್ಲವಲ್ಲ" ಎಂದ.